ಕಚ್ಚುವ ಮೊದಲು

ಕುದ್ರೋಳಿಯ ನಮ್ಮ ಮನೆಯಲ್ಲಿ ಎರಡು ಬಚ್ಚಲು ಇದ್ದವು. ಒಂದು ಅಡುಗೆಮನೆಯ ಹಿಂದೆ, ಎಲ್ಲರಿಗೂ ಸೇರಿದ್ದು. ಇನ್ನೊಂದು ಬಾವಿಯ ಪಕ್ಕ, ಹಳೆಯ ತಗಡು ಮತ್ತು ತೆಂಗಿನ ಮಡಲಿನ ಮರೆ ಕಟ್ಟಿ ಮಾಡಿದ್ದು, ಅಮ್ಮನೊಬ್ಬಳದ್ದು. ಸಂಜೆ ಕೆಲಸ ಮುಗಿಸಿ ಬಂದ ಅಮ್ಮ ಗೇಟಿನಿಂದ ನೇರ ಅಲ್ಲಿಗೆ ಹೋಗಿ, ಸೀರೆ ಬಕೆಟ್ಟಿಗೆ ಹಾಕಿ, ಮೈಗೆ ಸೋಪು ತಿಕ್ಕಿ, ತಲೆಯ ಮೇಲೆ ಬಾವಿಯ ನೀರು ಸುರಿದುಕೊಂಡ ಮೇಲೆಯೇ ಮನೆಯ ಮೆಟ್ಟಿಲು ಹತ್ತಬೇಕು. ಅದು ಅಜ್ಜಿಯ ಕಾನೂನು. ನಮ್ಮ ಮನೆಯ ಒಳಕೋಣೆಯಲ್ಲಿ ಮನೆಯ ದೈವಕ್ಕೆಂದು ಇಟ್ಟ ಸಣ್ಣ ಮಂಚವಿತ್ತು, ಅಜ್ಜಿ ಪ್ರತಿ ಸಂಜೆ ಅದರೆದುರು ದೀಪ ಹಚ್ಚುತ್ತಿದ್ದಳು. ನಾಯಿ ಮುಟ್ಟಿ ಬಂದ ಮೈ ಆ ದೀಪದ ಗಾಳಿಗೂ ಸೋಕಬಾರದು ಎಂದು ಅವಳ ವಾದ. ಅಮ್ಮನಿಗೆ ಸ್ನಾನದ ಬಗ್ಗೆ ತಕರಾರಿರಲಿಲ್ಲ. ಅವಳಿಗೆ ಸಿಟ್ಟು ಬರುತ್ತಿದ್ದದ್ದು ಆಮೇಲಿನದಕ್ಕೆ. ಮಿಂದು ಶುದ್ಧವಾಗಿ ಬಂದ ಮೇಲೂ ಅವಳ ಬಟ್ಟಲು, ಲೋಟ ಬೇರೆಯೇ ಇರುತ್ತಿದ್ದವು. ಅವಳ ಗಂಜಿ ಅಡುಗೆಮನೆಯ ಬಾಗಿಲ ಬಳಿ. ನಾವೆಲ್ಲ ಒಳಗೆ.

ನಾಯಿ ಹಿಡಿಯುವುದು ನನ್ನ ಅಮ್ಮನ ಕೆಲಸವಾಗಿತ್ತು. ಬಜಪೆ ರಸ್ತೆಯ ಬದಿಯಲ್ಲಿ ಒಂದು ಪ್ರಾಣಿದಯಾ ಸಂಸ್ಥೆ ತಗಡಿನ ಶೆಡ್ಡುಗಳನ್ನು ಕಟ್ಟಿಕೊಂಡಿತ್ತು. ಅದರ ವ್ಯಾನು ಊರೆಲ್ಲ ತಿರುಗಿ ಬೀದಿನಾಯಿಗಳನ್ನು ಬಲೆಯಲ್ಲಿ ಹಿಡಿದು ತರುತ್ತಿತ್ತು. ಅಲ್ಲಿ ಅವಕ್ಕೆ ಸಂತಾನಹರಣದ ಆಪರೇಷನ್ ಮಾಡಿ, ರೇಬೀಸ್ ಲಸಿಕೆ ಹಾಕಿ, ಹಿಡಿದ ಬೀದಿಯಲ್ಲೇ ಬಿಟ್ಟು ಬರುತ್ತಿದ್ದರು. ಆ ಕೆಲಸಕ್ಕೆ ಸೇರುವ ಮೊದಲು ಅಮ್ಮ ಬೋಟುಗಳು ಬಂದು ನಿಲ್ಲುವ ಧಕ್ಕೆಯಿಂದ ಮೀನು ತಂದು ಮಣ್ಣಗುಡ್ಡದ ಮನೆಗಳಿಗೆ ಮಾರುತ್ತಿದ್ದಳು. ಮೀನಿನ ಬುಟ್ಟಿಯ ಹಿಂದೆ ನಾಯಿಗಳ ಮೆರವಣಿಗೆಯೇ ಇರುತ್ತಿತ್ತಂತೆ. ಒಂದು ದಿನ ಆ ವ್ಯಾನಿನವರು ಒಂದು ಹೆಣ್ಣುನಾಯಿಯ ಹಿಂದೆ ಓಡಿ ಓಡಿ ಸುಸ್ತಾಗಿ ನಿಂತಿದ್ದಾಗ, ಅಮ್ಮ ಬುಟ್ಟಿ ಇಳಿಸಿ ಅದನ್ನು ಕರೆದಳು. ಅದು ಬಂದು ಅವಳ ಕಾಲ ಬಳಿ ಕುಳಿತುಕೊಂಡಿತು. ಆ ವ್ಯಾನು ಓಡಿಸುತ್ತಿದ್ದವನು ಹಮೀದ್, ನಮ್ಮ ಮನೆಯಿಂದ ಎರಡು ಓಣಿ ಆಚೆಯ ಬ್ಯಾರಿಗಳ ಹುಡುಗ, ನಾನು ಹಮೀದ್ ಕಾಕ ಎನ್ನುತ್ತಿದ್ದೆ. ಲಲಿತಕ್ಕ, ನೀವು ನಮ್ಮ ಜೊತೆ ಬನ್ನಿ, ತಿಂಗಳ ಸಂಬಳ ಉಂಟು ಎಂದು ಅವನೇ ಅವಳನ್ನು ಸಂಸ್ಥೆಗೆ ಸೇರಿಸಿದ. ಮೊಗವೀರರ ಮನೆಯ ಸೊಸೆ ಮೀನಿನ ಬುಟ್ಟಿ ಬಿಟ್ಟು ನಾಯಿಯ ಬಲೆ ಹಿಡಿದಳು ಎಂದು ಓಣಿಯೆಲ್ಲ ಮಾತಾಡಿಕೊಂಡಿತು. ಅಜ್ಜಿ ಒಂದು ವಾರ ಅವಳೊಂದಿಗೆ ಮಾತು ಬಿಟ್ಟಳು. ರೇಷನ್ ಅಂಗಡಿಯಲ್ಲಿ ಯಾರೋ ಹಿಂದಿನಿಂದ ನಾಯಿ ಲಲಿತ ಎಂದರು. ನಾನು ಅವಳ ಪಕ್ಕದಲ್ಲಿದ್ದೆ, ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಅಮ್ಮ ತಿರುಗಿ ನೋಡಿ, ಹೌದು, ಎಂತ ಬೇಕಿತ್ತು ಎಂದು ಕೇಳಿದಳು.

ಬಟ್ಟಲಿನ ವಿಷಯವನ್ನೂ ಅವಳು ಒಂದು ದಿನ ಹಾಗೆಯೇ ಮುಗಿಸಿದಳು. ಮಿಂದು ಬಂದವಳು ಬಾಗಿಲ ಬಳಿಯ ತನ್ನ ಬಟ್ಟಲನ್ನು ಎತ್ತಿಕೊಂಡು ಒಳಗೆ ಬಂದು ಅಜ್ಜಿಗೂ ನನಗೂ ನಡುವೆ ಕುಳಿತಳು. ಅಜ್ಜಿ ಎದ್ದು ಹೋದಳು. ಮರುದಿನವೂ ಅಮ್ಮ ಅಲ್ಲೇ ಕುಳಿತಳು, ಅಜ್ಜಿ ಮತ್ತೆ ಎದ್ದು ಹೋದಳು. ಎಷ್ಟು ದಿನ ಹೀಗೆ ನಡೆಯಿತೋ ನೆನಪಿಲ್ಲ, ಬೂತಾಯಿ ಮೀನಿನ ಪುಳಿಮುಂಚಿ ಸಾರು ಮಾಡಿದ ಒಂದು ದಿನ ಅಜ್ಜಿಗೆ ಏಳುವ ಮನಸ್ಸಾಗಲಿಲ್ಲ. ಅಪ್ಪ ಇದೆಲ್ಲವನ್ನೂ ನೋಡಿದ್ದು ಕಡಿಮೆ. ಅವನು ಆಳಸಮುದ್ರದ ಬೋಟಿನಲ್ಲಿ ದುಡಿಯುತ್ತಿದ್ದ. ಮನೆಯಲ್ಲಿ ಅವನು ಪೂರ್ತಿ ಸಿಗುತ್ತಿದ್ದದ್ದು ಮಳೆಗಾಲದಲ್ಲಿ ಮೀನುಗಾರಿಕೆಗೆ ರಜೆ ಬಿದ್ದಾಗ ಮಾತ್ರ. ಆಗ ಅವನು ಜಗಲಿಯಲ್ಲಿ ಕುಳಿತು ಅಮ್ಮನ ಹರಿದ ನಾಯಿಬಲೆಯನ್ನು ಹೆಣೆದು ಕೊಡುತ್ತಿದ್ದ. ಬಲೆ ಇರುವುದು ಮೀನಿಗೆ ಎಂದು ಅಜ್ಜಿ ಒಳಗಿನಿಂದ ಹೇಳಿದರೆ ಅವನು ಕೇಳಿಸದವನಂತೆ ಗಂಟು ಹಾಕುತ್ತಲೇ ಇರುತ್ತಿದ್ದ.

ನಾನು ಏಳನೇ ಕ್ಲಾಸಿನಲ್ಲಿದ್ದ ಮಳೆಗಾಲದಲ್ಲಿ ಆ ಹಸುವಿನ ಪ್ರಕರಣ ನಡೆಯಿತು. ಮಣ್ಣಗುಡ್ಡದ ಒಂದು ಮನೆಯ ಹಸು ಎರಡು ದಿನದಿಂದ ಮೇವು ಮುಟ್ಟಿರಲಿಲ್ಲ, ಬಾಯಿಂದ ಎಳೆ ಎಳೆಯಾಗಿ ಜೊಲ್ಲು ಸುರಿಸುತ್ತ ಒಡೆದ ದನಿಯಲ್ಲಿ ಕೂಗುತ್ತಿತ್ತು. ಗಂಟಲಲ್ಲಿ ಪ್ಲಾಸ್ಟಿಕ್ ಸಿಕ್ಕಿಕೊಂಡಿದೆ ಎಂದು ಮನೆಯವರು ಸಂಸ್ಥೆಗೆ ಫೋನ್ ಮಾಡಿದರು. ಊರಿನ ಹಸುಗಳು ಪ್ಲಾಸ್ಟಿಕ್ ನುಂಗುವುದು ಹೊಸದಲ್ಲ. ಅಮ್ಮ ಹಸುವಿನ ದವಡೆ ಅಗಲಿಸಿ ತಲೆಯನ್ನು ಅಪ್ಪಿ ಹಿಡಿದಳು, ಹಮೀದ್ ಕಾಕ ಮೊಣಕೈಯವರೆಗೆ ಕೈ ಹಾಕಿ ಗಂಟಲು ತಡಕಾಡಿದ. ಏನೂ ಸಿಗಲಿಲ್ಲ. ಬಲೆಯ ಹಗ್ಗ ಎಳೆದೆಳೆದು ಅವನ ಬೆರಳುಗಳೆಲ್ಲ ಸೀಳಿಹೋಗಿದ್ದವು. ಅಮ್ಮನ ಮುಂಗೈಯಲ್ಲಿ ಹಿಂದಿನ ದಿನ ಒಂದು ನಾಯಿಮರಿ ಪರಚಿದ ಗೀರು ಇತ್ತು. ಸಂಜೆ ಸಂಸ್ಥೆಗೆ ಬರುತ್ತಿದ್ದ ಪಶುವೈದ್ಯೆ ಹಸುವನ್ನು ನೋಡಲು ಹೋದವಳು ಹಟ್ಟಿಯ ಬಾಗಿಲಲ್ಲೇ ನಿಂತುಬಿಟ್ಟಳಂತೆ. ವಯಸ್ಸಿನಲ್ಲಿ ಅಮ್ಮನಿಗಿಂತ ಚಿಕ್ಕವಳು, ಡಾಕ್ಟರಿಕೆ ಓದಿ ಬಂದು ಹೆಚ್ಚು ಕಾಲವಾಗಿರಲಿಲ್ಲ. ಇದು ಪ್ಲಾಸ್ಟಿಕ್ ಅಲ್ಲ, ರೇಬೀಸ್ ಇರಬಹುದು, ಇನ್ನು ಯಾರೂ ಹತ್ತಿರ ಹೋಗಬೇಡಿ ಎಂದಳು. ಅಮ್ಮನನ್ನೂ ಹಮೀದ್ ಕಾಕನನ್ನೂ ನಲ್ಲಿಯ ಕೆಳಗೆ ನಿಲ್ಲಿಸಿ, ಸಾಕು ಎಂದರೂ ಬಿಡದೆ ಸೋಪು ಹಾಕಿ ಕೈ ತೊಳೆಸಿದಳು. ಹಸುವಿನ ಮನೆಯವರನ್ನೂ ಆಸ್ಪತ್ರೆಗೆ ಹೋಗಲು ಹೇಳಿದಳು. ಆಮೇಲೆ ಅವಳು ಕೇಳಿದ ಪ್ರಶ್ನೆಯನ್ನು ಅಮ್ಮ ಮನೆಯಲ್ಲಿ ಎಷ್ಟೋ ಸಲ ಹೇಳಿದ್ದಾಳೆ. ಈ ಕೆಲಸಕ್ಕೆ ಸೇರುವಾಗಲೇ ನಿಮಗೆಲ್ಲ ಲಸಿಕೆ ಹಾಕಿಸಬೇಕಿತ್ತು, ಒಬ್ಬರಿಗೂ ಹಾಕಿಸಿಲ್ಲವೇ?

ಒಬ್ಬರಿಗೂ ಹಾಕಿಸಿರಲಿಲ್ಲ. ಶೆಡ್ಡಿನೊಳಗಿನ ಪ್ರತಿ ನಾಯಿಗೂ ಆಗಿತ್ತು, ನಾಯಿಯ ಬಾಯಿಗೆ ಕೈ ಕೊಡುವ ಒಬ್ಬರಿಗೂ ಆಗಿರಲಿಲ್ಲ. ಸಂಸ್ಥೆಯ ಸೆಕ್ರೆಟರಿ ಕೆಟ್ಟ ಮನುಷ್ಯನೇನಲ್ಲ. ತನ್ನ ಕಾರಿನ ಹಿಂದಿನ ಸೀಟಿನಲ್ಲಿ ರಕ್ತ ಸೋರುವ ನಾಯಿಗಳನ್ನು ತಂದವನು. ಆದರೆ ಡಾಕ್ಟರ್ ಹೇಳಿದ್ದಕ್ಕೆ ಅವನು, ಹಸು ಯಾರನ್ನೂ ಕಚ್ಚಿಲ್ಲವಲ್ಲ, ಕಚ್ಚಿದರೆ ಆಸ್ಪತ್ರೆಗೆ ಹೋಗಲಿ, ಜನರು ನಾಯಿಗಳಿಗೆಂದು ಕೊಟ್ಟದ್ದನ್ನು ಕೆಲಸದವರಿಗೆ ಖರ್ಚು ಮಾಡಲು ಬರುವುದಿಲ್ಲ ಎಂದ.

ಆ ಸಂಜೆ ಅಮ್ಮ ಬಾವಿಯ ಪಕ್ಕದ ಬಚ್ಚಲಿನಿಂದ ಬಂದು ತಲೆ ಒರೆಸುತ್ತ ಜಗಲಿಯಲ್ಲೇ ನಿಂತು ಎಲ್ಲವನ್ನೂ ಹೇಳಿದಳು. ನಾಳೆ ಬೆಳಿಗ್ಗೆ ಸರ್ಕಾರಿ ಆಸ್ಪತ್ರೆಗೆ ಹೋಗಿ ಸೂಜಿ ಹಾಕಿಸಿಕೊಳ್ಳುತ್ತೇನೆ, ಹಮೀದನನ್ನೂ ಕರೆದುಕೊಂಡು ಹೋಗುತ್ತೇನೆ ಎಂದಳು. ನಮ್ಮ ಮನೆಯ ಮಾತು ತುಳು, ಇಲ್ಲಿ ಅದನ್ನು ನಮ್ಮೂರಿನ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅಪ್ಪ ಕೈಯಲ್ಲಿದ್ದ ಬಲೆ ಕೆಳಗಿಟ್ಟ. ಆ ಕೆಲಸ ಬಿಟ್ಟುಬಿಡು, ಪುನಃ ಮೀನು ಮಾರು, ನಿನಗೆ ಯಾಕೆ ಇದೆಲ್ಲ ಎಂದ. ಅಮ್ಮ ಅವನ ಎದುರು ಬಂದು ನಿಂತಳು.

"ಬೋಟಿನಲ್ಲಿ ಲೈಫ್ ಜಾಕೆಟ್ ಇಲ್ಲಾಂತ ನೀವು ಮಾಲೀಕರತ್ರ ಜಗಳ ಮಾಡಿದ್ದು ನೆನಪುಂಟಾ? ಜಾಕೆಟ್ ತಕೊಂಡು ಕಡಲಿಗೆ ಹೋದಿರಿ. ಕಡಲು ಬಿಟ್ಟು ಮನೆಯಲ್ಲಿ ಕೂತಿರಾ? ನಾನೂ ಬಿಡುವುದಿಲ್ಲ."

ಅಪ್ಪ ಬಲೆಯನ್ನು ಮತ್ತೆ ಮಡಿಲಿಗೆ ಎಳೆದುಕೊಂಡ. ಅಷ್ಟರಲ್ಲಿ ಅಜ್ಜಿ ಒಳಗಿನಿಂದ ಬಂದು ಹೊಸ್ತಿಲ ಮೇಲೆ ಅಡ್ಡ ನಿಂತಳು. ಅವಳ ಎರಡೂ ಕೈ ಬಾಗಿಲ ದಾರಂದವನ್ನು ಹಿಡಿದಿದ್ದವು. ಇನ್ನು ನೀನು ಒಳಗೆ ಬರುವುದು ಬೇಡ, ಹೊರಗೆ ಚಾಪೆ ಹಾಕಿ ಕೊಡುತ್ತೇನೆ, ಸೂಜಿ ಗೀಜಿ ಬೇಡ, ಮದ್ದು ಕೊಡುವವರ ಹತ್ತಿರ ಸೊಪ್ಪಿನ ರಸ ಕುಡಿದು ಪಥ್ಯ ಮಾಡು, ಮಂಡಲ ಕಳೆಯುವವರೆಗೆ ಮೀನು ಮುಟ್ಟಬೇಡ ಎಂದಳು. ಅಮ್ಮ ದಾರಿ ಬಿಡಲು ಹೇಳಿದಳು. ಅಜ್ಜಿ ಬಿಡಲಿಲ್ಲ. ನಾನು ಅಜ್ಜಿಯ ಬಾಯಲ್ಲಿ ಬೈಗುಳ ಬರುತ್ತದೆ ಎಂದು ಕಾಯುತ್ತಿದ್ದೆ. ಬಂದದ್ದು ಅವಳ ತಮ್ಮನ ಹೆಸರು. ಸಂಜೀವ ಎಂಬ ಒಬ್ಬ ತಮ್ಮ ಅವಳಿಗೆ ಇದ್ದ ಎಂದು ನನಗೆ ಗೊತ್ತಾದದ್ದೇ ಆಗ. ಅಪ್ಪನಿಗೂ ಹೆಸರಿಗಿಂತ ಹೆಚ್ಚು ಗೊತ್ತಿರಲಿಲ್ಲ.

ಕಡಲ ತೀರದಲ್ಲಿ ಒಂದು ನಾಯಿಮರಿ ಅವನ ಮೀನಖಂಡಕ್ಕೆ ಕಚ್ಚಿತ್ತು. ಮದ್ದು ಕೊಡುವವನೊಬ್ಬ ರಸ ಕುಡಿಸಿ, ಮಂಡಲದವರೆಗೆ ಮೀನು ತಿನ್ನಬಾರದು ಎಂದಿದ್ದ. ಮೀನಿಲ್ಲದೆ ಅನ್ನ ಇಳಿಯದ ಹುಡುಗ ಒಂದು ದಿನ ಆಗಷ್ಟೇ ಮದುವೆಯಾದ ಅಕ್ಕನ ಮನೆಗೆ ಬಂದು ಬೇಡಿದ, ಅಜ್ಜಿ ಒಣಮೀನಿನ ಚಟ್ನಿ ಅರೆದು ಬಡಿಸಿದಳು. ಅವನು ಖುಷಿಯಲ್ಲಿ ಉಂಡು ಹೋದ. ಕೆಲವು ತಿಂಗಳು ಕಳೆದ ಮೇಲೆ ಅವನಿಗೆ ಜ್ವರ ಬಂತು, ನೀರಿನ ಲೋಟ ಕಂಡರೆ ಗಂಟಲು ಹಿಡಿದುಕೊಂಡು ಮುಖ ತಿರುಗಿಸತೊಡಗಿದ, ಕಡಲಗಾಳಿ ಮೈಗೆ ತಾಗಿದರೂ ಬೆಚ್ಚಿ ಬೀಳುತ್ತಿದ್ದ. ಅವನನ್ನು ಕಟ್ಟಿ ಹಾಕಬೇಕಾಯಿತು. ಹಾಗೆಯೇ ತೀರಿಕೊಂಡ. ಉತ್ತರಕ್ರಿಯೆಯ ಬೊಜ್ಜದ ದಿನ ಅವರ ತಾಯಿ ನೆಂಟರೆಲ್ಲರ ಎದುರು, ನನ್ನ ಮಗನನ್ನು ತಿಂದದ್ದು ಹುಚ್ಚುಹಿಡಿದ ಮರ್ಲುನಾಯಿ ಅಲ್ಲ, ಇವಳು ಬಡಿಸಿದ ಮೀನು ಎಂದಳಂತೆ.

"ನಾನೇ ಬಡಿಸಿದ್ದು," ಎಂದಳು ಅಜ್ಜಿ. "ಈ ಕೈಯಲ್ಲಿ. ನಿನಗೂ ಹಾಗೆ ಆಗುವುದು ಬೇಡ."

ಅಷ್ಟು ವರ್ಷ ಈ ಹೆಂಗಸು ನಾಯಿಯೆಂದರೆ ಯಾಕೆ ಹಾಗೆ ಹಲ್ಲು ಕಚ್ಚುತ್ತಿದ್ದಳು, ಸೊಸೆಯ ಬಟ್ಟಲನ್ನು ಯಾಕೆ ಬಾಗಿಲ ಬಳಿ ಇಡುತ್ತಿದ್ದಳು ಎಂದು ನನಗೆ ಒಮ್ಮೆಗೇ ಅರ್ಥವಾಯಿತು. ಅಮ್ಮ ಅಳಲಿಲ್ಲ, ಅಪ್ಪಿಕೊಳ್ಳಲಿಲ್ಲ. ಅವಳ ಸ್ವಭಾವ ಅದಲ್ಲ. ಬಾಗಿಲ ದಾರಂದದ ಮೇಲಿದ್ದ ಅಜ್ಜಿಯ ಕೈಯನ್ನು ಮೆಲ್ಲಗೆ ಬಿಡಿಸಿದಳು.

"ಮಾಮಿ, ಅದು ಮೀನಿನಿಂದ ಆದದ್ದಲ್ಲ. ನಾಯಿಯ ಜೊಲ್ಲಿನಿಂದ ಆದದ್ದು. ನೀವು ಬಡಿಸಿದ್ದು ಊಟ. ನಾನು ಹೇಳಿದರೆ ನೀವು ನಂಬುವುದಿಲ್ಲ, ಆಸ್ಪತ್ರೆಗೆ ಬನ್ನಿ, ಡಾಕ್ಟರನ್ನೇ ಕೇಳಿ."

ಹೇಳಿ ಒಳಗೆ ಬಂದು ತನ್ನ ಬಟ್ಟಲು ತೆಗೆದುಕೊಂಡಳು. ಅಜ್ಜಿ ಅಂದು ಉಣ್ಣಲಿಲ್ಲ.

ಮರುದಿನ ಬೆಳಿಗ್ಗೆ ಶಾಲೆಗೆ ಹೋಗುವ ಮೊದಲು ನಾನು ಅಮ್ಮನ ಜೊತೆ ಹಮೀದ್ ಕಾಕನ ಮನೆಯವರೆಗೆ ಹೋದೆ. ಅವನು ಹಿಂದಿನ ಅಂಗಳದಲ್ಲಿ ಸುಮ್ಮನೆ ಸ್ಕೂಟರ್ ಒರೆಸುತ್ತಿದ್ದ. ಹಸು ಕಚ್ಚಲಿಲ್ಲ ಲಲಿತಕ್ಕ, ಕೈ ಚೆನ್ನಾಗಿ ತೊಳೆದಾಗಿದೆ, ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ತಿಂದವರನ್ನು ನಾನು ನೋಡಿದ್ದೇನೆ ಎಂದು ತಲೆ ಎತ್ತದೆ ಹೇಳಿದ. ಅಷ್ಟು ದೊಡ್ಡ ನಾಯಿಗಳನ್ನು ಎತ್ತಿ ವ್ಯಾನಿಗೆ ಹಾಕುವವನು ಸೂಜಿಗೆ ಹೆದರಿ ಕುಳಿತಿದ್ದ. ಅಮ್ಮ ಅವನ ಕೈಯಿಂದ ಬಟ್ಟೆ ಕಿತ್ತುಕೊಂಡಳು. ಹೊಕ್ಕುಳಿಗೆ ಹಾಕುವ ಕಾಲ ಹೋಯಿತು ಮಾರಾಯ, ಈಗ ತೋಳಿಗೆ, ಬರುವುದಿಲ್ಲ ಅಂದರೆ ನಿನ್ನ ಉಮ್ಮನಿಗೆ ಎಲ್ಲ ಹೇಳುತ್ತೇನೆ ಎಂದಳು. ಹೇಳಬೇಕಾಗಲಿಲ್ಲ, ಅವನ ಉಮ್ಮ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಿದ್ದಳು. ಅವಳೇ ಅವನ ಅಂಗಿ ತಂದುಕೊಟ್ಟಳು. ಆಸ್ಪತ್ರೆಯಲ್ಲಿ ಇಬ್ಬರಿಗೂ ತೋಳಿಗೆ ಲಸಿಕೆ ಹಾಕಿ, ಕೈಯ ಗಾಯಗಳ ಸುತ್ತ ಬೇರೊಂದು ಮದ್ದಿನ ಸೂಜಿ ಚುಚ್ಚಿದರು. ಬೆರಳ ತುದಿಗೆ ಹಾಕುವಾಗ ಹಮೀದ್ ಕಾಕನ ಕಣ್ಣಲ್ಲಿ ನೀರು ಬಂತಂತೆ. ಕೆಲಸಕ್ಕೆ ಸೇರುವಾಗಲೇ ಲಸಿಕೆ ಆಗಿದ್ದರೆ ಈ ಗಾಯದ ಸೂಜಿ ಬೇಕಾಗುತ್ತಿರಲಿಲ್ಲ, ತೋಳಿಗೆ ಎರಡೇ ಹಾಕಿ ಕಳಿಸುತ್ತಿದ್ದೆವು ಎಂದು ನರ್ಸ್ ಹೇಳಿದಳು. ಆ ಮಾತು ಅಮ್ಮನ ತಲೆಯಲ್ಲಿ ಕುಳಿತುಬಿಟ್ಟಿತು.

ಆಸ್ಪತ್ರೆಯಿಂದ ಅವಳು ಹಮೀದ್ ಕಾಕನ ಜೊತೆ ನೇರ ಬಜಪೆ ಬಸ್ಸು ಹತ್ತಿದಳು. ಸಂಸ್ಥೆಯ ಆಫೀಸಿಗೆ ಹೋಗಿ, ವ್ಯಾನಿನಲ್ಲಿದ್ದ ತನ್ನ ಬಲೆಯನ್ನು ತಂದು ಸೆಕ್ರೆಟರಿಯ ಮೇಜಿನ ಮೇಲೆ ಇಟ್ಟಳು. ಎಲ್ಲರಿಗೂ ಲಸಿಕೆ ಹಾಕಿಸುವವರೆಗೆ ಬಲೆ ಎತ್ತುವುದಿಲ್ಲ ಎಂದಳು. ಬೇರೆಯವರನ್ನು ತೆಗೆದುಕೊಳ್ಳುತ್ತೇನೆ ಎಂದು ಅವನು ಹೇಳಿದ. ತಕೊಳ್ಳಿ, ಬಂದವರಿಗೆ ನಾನು ಗೇಟಿನಲ್ಲಿ ನಿಂತು ಹಸುವಿನ ವಿಷಯ ಹೇಳ್ತೇನೆ ಎಂದಳು. ಹಮೀದ್ ಕಾಕ ವ್ಯಾನಿನ ಕೀಲಿಯನ್ನು ಬಲೆಯ ಮೇಲಿಟ್ಟ. ಶೆಡ್ಡು ತೊಳೆಯುವವರು, ಆಪರೇಷನ್ ಮೇಜಿನ ಬಳಿ ನಾಯಿ ಹಿಡಿದು ನಿಲ್ಲುವವರು ಒಬ್ಬೊಬ್ಬರೇ ಬಂದು ಮೆಟ್ಟಿಲ ಮೇಲೆ ಕುಳಿತರು. ಒಳಗಿದ್ದ ನಾಯಿಗಳನ್ನು ಮಾತ್ರ ಯಾರೂ ಉಪವಾಸ ಕೆಡವಲಿಲ್ಲ. ಅಮ್ಮ ದಿನವೂ ಹೋಗಿ ಗಂಜಿ ಬೇಯಿಸಿ ಹಾಕಿ, ಕೈ ತೊಳೆದು, ಮೆಟ್ಟಿಲಿಗೆ ಬಂದು ಕೂರುತ್ತಿದ್ದಳು. ಊರಿನಿಂದ ದೂರಿನ ಫೋನುಗಳು ಬರುತ್ತಿದ್ದವು, ವ್ಯಾನು ಹೊರಡುತ್ತಿರಲಿಲ್ಲ. ಮನೆಯಲ್ಲಿ ಅಪ್ಪ ರಜೆಯಲ್ಲಿ, ಅಮ್ಮ ಹಟದಲ್ಲಿ. ಮೀನಿನ ಬದಲು ಹುರುಳಿ ಸಾರು ಬಂತು. ನನ್ನ ಅಪ್ಪ ಆಗ ಒಂದೇ ಒಂದು ಮಾತು ಹೇಳಿದ್ದು ನನಗೆ ನೆನಪಿದೆ. ಹುರುಳಿ ಸಾರಿಗೆ ಸ್ವಲ್ಪ ಬೆಳ್ಳುಳ್ಳಿ ಜಾಸ್ತಿ ಹಾಕು ಎಂದ. ಕೆಲಸ ಬಿಡು ಎಂದು ಮತ್ತೆ ಹೇಳಲಿಲ್ಲ.

ಅಮ್ಮನ ಎರಡನೆಯ ಸೂಜಿಯ ದಿನ ಅಜ್ಜಿ ಯಾರೂ ಕರೆಯದೆಯೇ ಸೀರೆ ಬದಲಿಸಿ ಗೇಟಿನ ಬಳಿ ನಿಂತಿದ್ದಳು. ಅವಳಿಗೆ ತುಳು ಬಿಟ್ಟು ಬೇರೆ ಭಾಷೆ ಸರಿಯಾಗಿ ಬರುತ್ತಿರಲಿಲ್ಲ, ಡಾಕ್ಟರು ಘಟ್ಟದ ಮೇಲಿನವರು, ತುಳು ಬಾರದವರು. ಹಾಗಾಗಿ ನನ್ನನ್ನೂ ಕರೆದುಕೊಂಡು ಹೋದರು. ಉದ್ದ ಸಾಲು, ಡಾಕ್ಟರಿಗೆ ತಲೆ ಎತ್ತಲು ಪುರುಸೊತ್ತಿಲ್ಲ. ನಮ್ಮ ಸರದಿ ಬಂದಾಗ ಅಜ್ಜಿ ಅಮ್ಮನನ್ನು ಸರಿಸಿ ತಾನೇ ಸ್ಟೂಲಿನ ಮೇಲೆ ಕುಳಿತಳು. ನಾಯಿ ಕಚ್ಚಿದವನು ಮೀನು ತಿಂದರೆ ರೋಗ ಬರುತ್ತದೆಯೇ ಎಂದು ಕೇಳು ಎಂದು ನನಗೆ ಹೇಳಿದಳು. ನಾನು ಕೇಳಿದೆ. ಮೀನಿಗೂ ಇದಕ್ಕೂ ಸಂಬಂಧವೇ ಇಲ್ಲ, ಬೇಕಾದ್ದು ತಿನ್ನಲಿ, ಸೂಜಿ ಮಾತ್ರ ಒಂದನ್ನೂ ತಪ್ಪಿಸಬಾರದು ಎಂದು ಅವರು ಬರೆಯುತ್ತಲೇ ಹೇಳಿದರು. ನಾನು ತುಳುವಿನಲ್ಲಿ ಹೇಳಿದೆ. ಅಜ್ಜಿ ಏಳಲಿಲ್ಲ.

"ಒಣಮೀನು ಕೇಳು. ಒಣಮೀನು ತಿಂದರೆ?"

ಡಾಕ್ಟರು ಆಗ ತಲೆ ಎತ್ತಿ ಅವಳನ್ನು ನೋಡಿದರು. ಏನು ಕಂಡರೋ, ಪೆನ್ನು ಕೆಳಗಿಟ್ಟರು.

"ಯಾವ ಮೀನಿನಿಂದಲೂ ಬರೋದಿಲ್ಲ ಅಂತ ಹೇಳಮ್ಮ. ಯಾರಿಗಾದರೂ ಹಾಗಾಗಿದ್ದರೆ ಅದು ಲಸಿಕೆ ಸಿಗದೆ ಆಗಿದ್ದು. ಊಟ ಹಾಕಿದವರ ತಪ್ಪಲ್ಲ."

ನಾನು ಹೇಳಿದೆ. ಕೊನೆಯ ಮಾತನ್ನು ಎರಡು ಸಲ ಹೇಳಿದೆ. ಅಜ್ಜಿ ಎದ್ದು ಹೊರಗೆ ಹೋಗಿ ಬೆಂಚಿನ ಮೇಲೆ ಕುಳಿತು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅಮ್ಮ ಸೂಜಿ ಹಾಕಿಸಿಕೊಂಡು ಬಂದು ಅವಳ ಪಕ್ಕದಲ್ಲಿ ಕುಳಿತಳು. ಬರುವಾಗ ಅಜ್ಜಿ ಮಾರ್ಕೆಟ್ಟಿನ ಬಳಿ ರಿಕ್ಷಾ ನಿಲ್ಲಿಸಿ ಒಣಮೀನು ಕೊಂಡಳು. ಚಟ್ನಿ ಅರೆದು, ಅಮ್ಮನಿಗೆ ತಾನೇ ಬಡಿಸಿದಳು. ಅಮ್ಮ ಮೊದಲ ತುತ್ತು ನುಂಗುವವರೆಗೆ ಅವಳು ಬಟ್ಟಲಿನ ಮುಂದಿನಿಂದ ಏಳಲಿಲ್ಲ. ಅಮ್ಮ ಇನ್ನೊಮ್ಮೆ ಹಾಕಿಸಿಕೊಂಡು ಉಂಡಳು.

ಆ ವಾರವೇ ಹಸುವಿನ ಪರೀಕ್ಷೆಯ ಫಲಿತಾಂಶ ಬಂತು. ಅದು ಸತ್ತ ಮೇಲೆ ಪಶುವೈದ್ಯೆ ಮಾದರಿ ಕಳಿಸಿದ್ದಳು. ರೇಬೀಸ್ ಹೌದು. ಅವಳು ಆ ಕಾಗದವನ್ನು ಹಿಡಿದುಕೊಂಡು ಬಂದು ತಾನೂ ಮೆಟ್ಟಿಲ ಮೇಲೆ ಕುಳಿತಳು, ಇವರಿಗೆ ಲಸಿಕೆ ಆಗುವವರೆಗೆ ಆಪರೇಷನ್ ಮಾಡುವುದಿಲ್ಲ ಎಂದಳು. ಸೆಕ್ರೆಟರಿ ಮರುದಿನ ಎಲ್ಲರನ್ನೂ ಅದೇ ವ್ಯಾನಿನಲ್ಲಿ ಕೂರಿಸಿ ಕಳಿಸಿದ. ಅಂದಿನಿಂದ ಆ ಸಂಸ್ಥೆಯಲ್ಲಿ ಲಸಿಕೆಯ ಸರದಿ ಮುಗಿಸದ ಯಾರ ಕೈಗೂ ಬಲೆ ಕೊಡುವುದಿಲ್ಲ. ಅಮ್ಮನನ್ನು ಮಾತ್ರ ಅವನು ಕ್ಷಮಿಸಲಿಲ್ಲ. ವ್ಯಾನಿನಿಂದ ಇಳಿಸಿ ಶೆಡ್ಡು ತೊಳೆಯಲು ಹಾಕಿದ. ತಾನಾಗಿ ಬಿಟ್ಟು ಹೋಗುತ್ತಾಳೆ ಎಂದುಕೊಂಡಿರಬೇಕು. ಅಮ್ಮ ಶೆಡ್ಡು ತೊಳೆದಳು. ಅವನು ಬದಲಾಗಿ ಬೇರೆ ಸೆಕ್ರೆಟರಿ ಬರುವವರೆಗೆ ತೊಳೆದಳು, ಆಮೇಲೆ ವ್ಯಾನಿಗೆ ಮರಳಿದಳು. ಹಮೀದ್ ಕಾಕ ಗಲ್ಫಿಗೆ ಹೋದ, ಈಗಲೂ ರಜೆಯಲ್ಲಿ ಬಂದರೆ ಅಮ್ಮನಿಗೆ ಖರ್ಜೂರ ತರುತ್ತಾನೆ. ಈ ಕತೆ ಕೇಳಿದ ಕೆಲವರು ನನ್ನನ್ನು, ಕೊನೆಗೆ ಯಾರಿಗೂ ಏನೂ ಆಗಲಿಲ್ಲವಲ್ಲ, ಅಷ್ಟಕ್ಕೆ ಅಷ್ಟೊಂದು ರಂಪ ಬೇಕಿತ್ತೇ ಎಂದು ಕೇಳಿದ್ದಾರೆ. ಏನೂ ಆಗಬಾರದೆಂದೇ ಅವಳು ರಂಪ ಮಾಡಿದ್ದು. ಮುಂದೆ ಬೇಕಾದರೆ ನಾನೂ ಮಾಡುತ್ತೇನೆ.

ಅಜ್ಜಿ ಮೆತ್ತಗಾದಳು ಎಂದು ಯಾರೂ ತಿಳಿಯಬೇಡಿ. ಬಾವಿಯ ಪಕ್ಕದ ಬಚ್ಚಲು ಅವಳು ಬದುಕಿರುವವರೆಗೂ ಇತ್ತು. ನಾನು ಪಿಯುಸಿ ಮುಗಿಸಿ ಪಶುಸಂಗೋಪನೆಯ ಡಿಪ್ಲೊಮಾಕ್ಕೆ ಸೇರುತ್ತೇನೆ ಎಂದಾಗ, ಒಬ್ಬಳು ಸಾಲದೆಂದು ಇನ್ನೊಬ್ಬಳು ಎಂದು ಗೊಣಗಿದಳು. ಸೇರುವ ಮೊದಲು ನಾನು ಲಸಿಕೆ ಹಾಕಿಸಿಕೊಳ್ಳಬೇಕಿತ್ತು. ಅಂದು ಅಮ್ಮನಿಗೆ ಕೆಲಸವಿತ್ತು. ನಾನೊಬ್ಬಳೇ ಹೋಗುತ್ತೇನೆ ಎಂದರೂ ಕೇಳದೆ ಅಜ್ಜಿ ಕೋಲು ಹಿಡಿದು ಹೊರಟಳು. ಅಷ್ಟರಲ್ಲಿ ಅವಳು ಆಸ್ಪತ್ರೆಯವರ ಜೊತೆ ಮಾತಾಡುವಷ್ಟು ಕನ್ನಡ ಕಲಿತಿದ್ದಳು, ಅಥವಾ ಕಲಿತಿದ್ದೇನೆ ಎಂದುಕೊಂಡಿದ್ದಳು. ಕಿಟಕಿಯ ಆಚೆಗಿದ್ದ ನರ್ಸ್ ಯಾವ ಪ್ರಾಣಿ, ಎಲ್ಲಿ ಕಚ್ಚಿದ್ದು ಎಂದು ಕೇಳಿದಳು. ನಾನು ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ಅಜ್ಜಿ ನನ್ನ ಬಲತೋಳಿನ ಅಂಗಿಯ ಕೈಯನ್ನು ಭುಜದವರೆಗೆ ಮಡಚಿ ಕಿಟಕಿಯತ್ತ ತಳ್ಳಿದಳು.

"ಯಾವುದೂ ಕಚ್ಚಲಿಲ್ಲ," ಎಂದಳು. "ಕಚ್ಚಿದ ಮೇಲೆಯೇ ಬರಬೇಕೂಂತ ಉಂಟಾ? ಹಾಕಿ."